ಎಡಕ್ಕೆ ಎಳೆಯುವ ಸ್ಕೂಟರು

ನನ್ನ ಅಕ್ಕ ಬಾಯ್ತುಂಬ ನಗುವುದನ್ನು ನಾನು ಸರಿಯಾಗಿ ನೋಡಿದ್ದು ಅವಳಿಗೆ ಅರವತ್ತು ತುಂಬಿದ ಮೇಲೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಕಲಿಸಿ, ಕಡೆಯ ಎಂಟು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಅವಳು ಕಾರಿಡಾರಿನಲ್ಲಿ ಬರುತ್ತಿದ್ದರೆ ಮಕ್ಕಳಿರಲಿ, ಮೇಷ್ಟರುಗಳೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರಂತೆ. ಮದುವೆ ಮನೆಗಳಲ್ಲಿ ನಾವೆಲ್ಲ ಬಿದ್ದು ಬಿದ್ದು ನಗುವಾಗ ಇವಳು ತುಟಿಯ ಒಂದು ತುದಿಯನ್ನು ಮಾತ್ರ ತುಸು ಮೇಲಕ್ಕೆತ್ತುತ್ತಿದ್ದಳು. ನಿವೃತ್ತಿಯಾದ ಮೇಲೆ ಕುವೆಂಪುನಗರದ ತನ್ನ ಮನೆಯಲ್ಲಿ ಏನು ಮಾಡುವುದೆಂದು ತೋಚದೆ ಬೀರುವಿನ ಸೀರೆಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದ್ದಳು. ಆಮೇಲೆ ನೂಲಿನ ಪ್ರಕಾರ ಜೋಡಿಸಿದ್ದಳು. ಆಮೇಲೆ ಮತ್ತೆ ಬಣ್ಣಕ್ಕೆ ಬಂದಿದ್ದಳು.

ಅಂಥವಳು ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಕೈಯಲ್ಲೊಂದು ಫೈಲು ಹಿಡಿದು ಚಾಮರಾಜಪುರಂನ ನಮ್ಮ ಮನೆಗೆ ಬಂದಳು. ಅದು ನಾವಿಬ್ಬರೂ ಹುಟ್ಟಿ ಬೆಳೆದ ಮನೆ. ಅಪ್ಪ ತೀರಿಕೊಂಡಾಗಿನಿಂದ ನಾನೂ ನನ್ನ ಯಜಮಾನರೂ ಅಮ್ಮನ ಜೊತೆ ಅಲ್ಲೇ ಇದ್ದೇವೆ. ಅಮ್ಮನಿಗೆ ಎಂಬತ್ತೆರಡು. ಅವರಿಗೆ ಮೆಟ್ಟಿಲು ಹತ್ತುವ ತಾಪತ್ರಯ ಬೇಡವೆಂದು ಹಿತ್ತಿಲಿನ ತಗಡಿನ ಶೆಡ್ಡು ಕೆಡವಿ ಅಲ್ಲೊಂದು ಬಚ್ಚಲುಮನೆ ಕಟ್ಟಿಸಲು ಹೊರಟಿದ್ದೆವು. ಶೆಡ್ಡಿನಲ್ಲಿದ್ದದ್ದು ಅಪ್ಪನ ಸ್ಕೂಟರು. ಬರೀ ಸ್ಕೂಟರಲ್ಲ, ಎಡಗಡೆಗೆ ದೋಣಿಯಂಥ ಸೈಡ್‌ಕಾರು ಜೋಡಿಸಿದ ಮೂರು ಚಕ್ರದ ಸ್ಕೂಟರು. ಅದನ್ನು ಯಾರೂ ಮುಟ್ಟದೆ ಹದಿನಾಲ್ಕು ವರ್ಷವಾಗಿತ್ತು. ಹನ್ನೊಂದು ಗಂಟೆಗೆ ಗುಜರಿಯವನು ಬರುವವನಿದ್ದ. ಗಾಡಿಯ ಕಾಗದಪತ್ರಗಳನ್ನು ಕ್ರಮವಾಗಿ ರದ್ದು ಮಾಡಿಸಿಯೇ ಒಪ್ಪಿಸಬೇಕು ಎಂಬುದು ಅಕ್ಕನ ಹಟ. ಅದಕ್ಕೇ ಆ ಫೈಲು.

ಶೆಡ್ಡಿನ ಬಾಗಿಲು ತೆಗೆದೆವು. ಸ್ಕೂಟರಿನ ಮೇಲೆ ಗೋಣಿಚೀಲ, ಒಡೆದ ಮಿಕ್ಸಿ, ಬಣ್ಣದ ಡಬ್ಬಿಗಳು, ಹಳೇ ಪೇಪರಿನ ಕಟ್ಟುಗಳು. ಒಂದೊಂದೇ ಎತ್ತಿ ಹೊರಗಿಟ್ಟೆವು. ಸೈಡ್‌ಕಾರಿನ ಮೂತಿಯ ಒಳಗೆ ಆಳದಲ್ಲಿ ಒಂದು ಚೀಲ ಸಿಕ್ಕಿಕೊಂಡಿತ್ತು. ಬಗ್ಗಿದರೆ ಕೈ ಎಟುಕಲಿಲ್ಲ. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಕಾಲು ಒಳಗಿಟ್ಟು, ಇನ್ನೊಂದು ಕಾಲನ್ನೂ ಇಟ್ಟು, ಚೀಲ ಎಳೆಯಲು ಕೂತಳು. ಕೂತವಳು ಹಾಗೇ ಉಳಿದುಬಿಟ್ಟಳು.

ಮೊದಲು ಅವಳ ಭುಜ ಅಲುಗಿತು. ಧೂಳಿಗೆ ಕೆಮ್ಮುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಗಂಟಲಿನಿಂದ ಪ್ರೆಶರ್ ಕುಕ್ಕರಿನ ಸೀಟಿ ಏಳುವ ಮುಂಚಿನ ಸದ್ದಿನಂಥದ್ದೊಂದು ಹೊರಟಿತು. ನೋಡಿದರೆ ನಗುತ್ತಿದ್ದಾಳೆ. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮತ್ತೆ ನಗುತ್ತಿದ್ದಾಳೆ. ಏನಾಯಿತೆಂದು ಕೇಳಿದರೆ ಹೇಳಲು ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಮಾತನ್ನು ಕೊಚ್ಚಿಕೊಂಡು ಹೋಗುತ್ತದೆ. ಅವಳನ್ನು ನೋಡಿ ನನಗೂ ಹತ್ತಿಕೊಂಡಿತು. ಸದ್ದು ಕೇಳಿ ಅಮ್ಮ ಕೋಲೂರಿಕೊಂಡು ಹಿತ್ತಿಲಿಗೆ ಬಂದರು.

ಕಡೆಗೂ ಅಕ್ಕ ಹೇಳಿದಳು. ಆರನೇ ಕ್ಲಾಸಿನಲ್ಲಿ ಗಣಿತದ ಕಿರುಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಒಂಬತ್ತು ಬಂದಿತ್ತಂತೆ. ಅಪ್ಪನ ಸಹಿ ಹಾಕಿಸಬೇಕಾದ ಆ ಪೇಪರನ್ನು ಮಡಿಸಿ ಇದೇ ಸೈಡ್‌ಕಾರಿನ ಸೀಟಿನ ಹಲಗೆಯ ಕೆಳಗೆ ಬಚ್ಚಿಟ್ಟಿದ್ದಳಂತೆ. ಆಮೇಲೆ ತಿಂಗಳುಗಟ್ಟಲೆ ಅಪ್ಪ ಅವಳ ಒಂಬತ್ತು ಮಾರ್ಕನ್ನು ಮೈಸೂರಿನ ತುಂಬ ಓಡಾಡಿಸಿದ್ದರು, ಇವಳು ಅದರ ಮೇಲೇ ಕೂತು ಗಂಭೀರವಾಗಿ ಸವಾರಿ ಮಾಡಿದ್ದಳು. ಗಣಿತದ ಮಿಸ್ ಎಂದು ಊರೆಲ್ಲ ಹೆದರುತ್ತಿದ್ದವಳ ಮಾತು ಇದು. ನಾನು ನಿಂತಲ್ಲಿ ನಿಲ್ಲಲಾಗದೆ ಬಣ್ಣದ ಡಬ್ಬಿಯ ಮೇಲೆ ಕೂತೆ.

ಅಮ್ಮ ಮಾತ್ರ ನಗಲಿಲ್ಲ. "ಆ ಪೇಪರು ನಿಮ್ಮಪ್ಪಂಗೆ ಆವತ್ತೇ ಸಿಕ್ತು ಕಣೇ. ಗಾಡಿ ತೊಳೆಯೋವಾಗ. ಸಹಿ ಹಾಕಿ ನಿಮ್ಮ ಟೀಚರಿಗೆ ಅವರೇ ಕೊಟ್ಟು ಬಂದ್ರು. ನೀನಾಗೇ ಹೇಳ್ತೀಯೇನೋ ಅಂತ ಕಾದ್ರು, ನೀನು ಹೇಳಲಿಲ್ಲ. ಅದಕ್ಕೇ ದಿನಾ ಸಾಯಂಕಾಲ ನಿನ್ನ ಕೂರಿಸಿಕೊಂಡು ಲೆಕ್ಕ ಮಾಡಿಸೋಕೆ ಶುರು ಮಾಡಿದ್ದು," ಅಂದರು.

ಅಕ್ಕನ ನಗು ನಿಂತಿತು. ಸೈಡ್‌ಕಾರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು, ಮಾತು ಕಡಿಮೆ. ಅವರು ದಿನಾ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದದ್ದು ನನಗೂ ನೆನಪಿತ್ತು. ಅದು ಅಕ್ಕನ ಜಾಣತನಕ್ಕೆ ಸಿಕ್ಕ ಮರ್ಯಾದೆ ಎಂದು ನಾನು ಹೊಟ್ಟೆಕಿಚ್ಚುಪಟ್ಟಿದ್ದೂ ನೆನಪಿತ್ತು.

ಅಷ್ಟರಲ್ಲಿ ಗುಜರಿಯವನ ಗಾಡಿ ಗೇಟಿನ ಹತ್ತಿರ ಬಂದು ನಿಂತಿತು. ಅಕ್ಕನಿಗೆ ಇಳಿಯುವಂತೆ ಹೇಳಿದೆ.

"ನಾನು ಇಳಿಯೋದಿಲ್ಲ," ಅಂದಳು. "ಅವನಿಗೆ ಆ ಮಿಕ್ಸಿ ಕೊಟ್ಟು ಕಳಿಸು."

ಹೀಗೆ ಶುರುವಾಯಿತು.

ನಮ್ಮಿಬ್ಬರಿಗೂ ಸ್ಕೂಟರಿನ ಒಳಗೇನಿರುತ್ತದೆ ಎಂಬುದರ ಗಂಧಗಾಳಿ ಇರಲಿಲ್ಲ. ಆದರೆ ನನಗೊಬ್ಬ ಮೆಕ್ಯಾನಿಕ್ ಗೊತ್ತಿದ್ದರು. ನಾನು ರಾಜೀವನಗರದ ಹತ್ತಿರ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಪ್ರತಿ ತಿಂಗಳೂ ಸಕ್ಕರೆ ಪರೀಕ್ಷೆಗೆ ಬರುವ ಸಾಹೇಬರೊಬ್ಬರು ಸೂಜಿ ಚುಚ್ಚುವಾಗ ಕಣ್ಣುಮುಚ್ಚಿಕೊಂಡು ಗೇರುಗಳ ಹೆಸರು ಹೇಳುತ್ತಿದ್ದರು. ಹಳೇ ಸ್ಕೂಟರುಗಳ ರಿಪೇರಿಯಲ್ಲಿ ಕೈ ಪಳಗಿದವರು. ವಯಸ್ಸಾಯಿತೆಂದು ಗ್ಯಾರೇಜು ಮುಚ್ಚಿದ್ದರೂ ಮನೆಯ ಪಕ್ಕದ ಜಾಗದಲ್ಲಿ ಸಾಮಾನುಗಳನ್ನೆಲ್ಲ ಹಾಗೇ ಇಟ್ಟುಕೊಂಡಿದ್ದರು. ಫೋನು ಮಾಡಿ ಸೈಡ್‌ಕಾರು ಅಂದ ತಕ್ಷಣ, ಬೇರೇನೂ ಕೇಳದೆ ತಂದುಬಿಡಿ ಅಂದರು.

ತರುವುದೇ ದೊಡ್ಡ ಮೆರವಣಿಗೆಯಾಯಿತು. ಒಂದು ಪುಟ್ಟ ಗೂಡ್ಸ್ ಗಾಡಿ ಮಾಡಿ, ಹಲಗೆ ಇಟ್ಟು, ನಾಲ್ಕು ಜನ ಸೇರಿ ಸ್ಕೂಟರನ್ನು ಮೇಲೆ ಹತ್ತಿಸಿದರು. ಹಗ್ಗ ಬಿಗಿದಾದ ಮೇಲೆ ಅಕ್ಕ ಯಾರಿಗೂ ಹೇಳದೆ ತಾನೂ ಹತ್ತಿ ಸೈಡ್‌ಕಾರಿನಲ್ಲಿ ಕೂತಳು. ಯಾರಾದರೂ ಹಿಡಿದುಕೊಳ್ಳದಿದ್ದರೆ ಅಲುಗಾಡುತ್ತದೆ ಎಂಬುದು ಅವಳ ವಾದ. ನಾನು ನನ್ನ ಗೇರಿಲ್ಲದ ಸ್ಕೂಟಿಯಲ್ಲಿ ಹಿಂದೆ ಹೊರಟೆ. ಮುಂದೆ ಗೂಡ್ಸ್ ಗಾಡಿಯ ಮೇಲೆ ಸ್ಕೂಟರು, ಸ್ಕೂಟರಿನ ಪಕ್ಕದ ದೋಣಿಯಲ್ಲಿ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟ ನನ್ನಕ್ಕ, ತೊಡೆಯ ಮೇಲೆ ಫೈಲು. ದಸರೆಗೆ ಇನ್ನೂ ನಾಲ್ಕು ತಿಂಗಳಿತ್ತು. ಬಸ್ ಸ್ಟಾಪಿನಲ್ಲಿ ನಿಂತಿದ್ದವರು ಕೈ ಬೀಸಿದರು. ಅವಳು ತಿರುಗಿ ಬೀಸಿದಳು.

ದಾರಿಯಲ್ಲಿ ಒಂದು ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಸಾಮಾನಿನ ಗಾಡಿಯಲ್ಲಿ ಜನ ಕೂರುವಂತಿಲ್ಲ. ಹತ್ತಿರ ಬಂದು ಮೇಲೆ ನೋಡಿದವರ ಮುಖ ಒಮ್ಮೆಲೇ ಹನ್ನೆರಡು ವರ್ಷದ ಹುಡುಗನ ಮುಖವಾಯಿತು. ಮೀಸೆಯಿದ್ದ ಆ ಮನುಷ್ಯ ಬೂಟು ಜೋಡಿಸಿ ನೆಟ್ಟಗೆ ನಿಂತರು.

"ಮಿಸ್," ಅಂದರು.

"ತಪ್ಪು ನಂದೇ ಕಣಪ್ಪ. ದಂಡ ಹಾಕು," ಅಂದಳು ಅಕ್ಕ.

ಅವರು ದಂಡ ಹಾಕಲಿಲ್ಲ. ಮಿಸ್ಸನ್ನು ಕೈಹಿಡಿದು ಇಳಿಸಿ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿಸಿ, ಆಮೇಲೆ ತಾವು ಭಿನ್ನರಾಶಿಯಲ್ಲಿ ಇವತ್ತಿಗೂ ಹಿಂದೆ ಎಂದು ತಾವಾಗೇ ಒಪ್ಪಿಕೊಂಡರು. ಹಿಂದಿನಿಂದ ಹಾರನ್ನುಗಳು ಕೂಗುತ್ತಿದ್ದವು. ಅಕ್ಕ ಒಂಬತ್ತು ಮಾರ್ಕಿನ ಕತೆಯನ್ನು ಅವರಿಗೂ ಹೇಳಿದಳು. ಸರ್ಕಲ್ಲಿನ ನಡುವೆ ಅವರಿಬ್ಬರೂ ನಕ್ಕದ್ದನ್ನು ನಾನು ಹಿಂದಿನಿಂದ ನೋಡುತ್ತ ಸ್ಕೂಟಿಯ ಬ್ಯಾಲೆನ್ಸ್ ತಪ್ಪಿ ಕಾಲೂರಿದೆ.

ಸಾಹೇಬರು ಗಾಡಿಯ ಸುತ್ತ ಎರಡು ಸುತ್ತು ಬಂದರು. ಸೈಡ್‌ಕಾರನ್ನು ಸ್ಕೂಟರಿಗೆ ಜೋಡಿಸುವ ಕಬ್ಬಿಣದ ಕೊಂಡಿಯ ಹತ್ತಿರ ಕೂತು, ಬೆರಳಿನಿಂದ ಧೂಳು ಒರೆಸಿ, ಅಲ್ಲೇ ಉಳಿದುಬಿಟ್ಟರು. ಅಲ್ಲೊಂದು ಬೆಸುಗೆ ನೆಲ್ಲಿಕಾಯಿಯಷ್ಟು ದಪ್ಪಕ್ಕೆ ಉಬ್ಬಿಕೊಂಡಿತ್ತು.

"ಈ ಬೆಸುಗೆ ನಂದೇ ಕಣಮ್ಮ," ಅಂದರು. "ಆಗ ಹೊಸದಾಗಿ ಕೆಲಸ ಕಲೀತಿದ್ದೆ. ಬಿಟ್ಟೋದ್ರೆ ಉಸ್ತಾದರು ಹೊಡೀತಾರೆ ಅಂತ ಇಷ್ಟು ದಪ್ಪ ಹಾಕ್ಬುಟ್ಟಿದೀನಿ."

ತಮ್ಮ ಕೈಯ ಮೊದಲ ಬೆಸುಗೆಗಳಲ್ಲಿ ಒಂದು ಇಷ್ಟು ವರ್ಷ ಹಿಡಿದು ನಿಂತದ್ದು ನೋಡಿ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಒಳಗಿದ್ದ ಮನೆಯವರನ್ನು ಕರೆದು ತೋರಿಸಿದರು. ಆಕೆ ಬಾಗಿಲಿನಲ್ಲೇ ನಿಂತು ನೋಡಿ, ಸೈಡ್‌ಕಾರಿನ ಒಳಗೆ ಇಲಿ ಗೂಡಿದೆ ಎಂದು ಹೇಳಿ ನಮಗೆ ಚಹಾ ತಂದುಕೊಟ್ಟರು. ಗೂಡು ಇದ್ದದ್ದು ನಿಜ. ಇಲಿಗಳು ಮಾತ್ರ ಖಾಲಿ ಮಾಡಿದ್ದವು.

ಮುಂದಿನ ಆರು ವಾರ ಅಕ್ಕ ರಾಜೀವನಗರಕ್ಕೆ ಡ್ಯೂಟಿಗೆ ಹೋದಂತೆ ಹೋದಳು. ನಾನು ಲ್ಯಾಬಿನ ಕೆಲಸ ಮುಗಿಸಿ ಮಧ್ಯಾಹ್ನ ಸೇರಿಕೊಳ್ಳುತ್ತಿದ್ದೆ. ಇಂಜಿನ್ ಪೂರ್ತಿ ಬಿಗಿದುಕೊಂಡಿತ್ತು. ಸಾಹೇಬರು ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಸುರಿದು, ಐದು ದಿನ ಅದರ ತಂಟೆಗೆ ಹೋಗಬೇಡಿ ಅಂದರು. ಐದು ದಿನವೂ ಅಕ್ಕ ಹೋಗಿ ತಂಟೆ ಮಾಡದೆ ಕೂತು ನೋಡಿ ಬಂದಳು. ಆರನೇ ದಿನ ಕಿಕ್ಕರಿನ ಮೇಲೆ ಸಾಹೇಬರು ನಿಧಾನವಾಗಿ ಕಾಲೂರಿದರು. ಒಂದಿಂಚು ಇಳಿಯಿತು. ಮತ್ತೊಂದಿಂಚು. ಆಮೇಲೆ ಗೊರಕೆಯಂಥ ಸದ್ದು ಮಾಡಿ ಪೂರ್ತಿ ಇಳಿಯಿತು. ನನಗೆ ಅಕ್ಕನಿಂದ ಫೋನು ಬಂತು. ಲ್ಯಾಬಿನಲ್ಲಿ ಒಬ್ಬರ ತೋಳಿಗೆ ಪಟ್ಟಿ ಕಟ್ಟಿ ನಿಂತಿದ್ದವಳು ಸುದ್ದಿ ಕೇಳಿ ಕುಣಿದುಬಿಟ್ಟೆ. ಆತ ಗಾಬರಿಯಾಗಿ ತೋಳು ಹಿಂದಕ್ಕೆಳೆದುಕೊಂಡರು.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಪದರಪದರವಾಗಿ ಕಟ್ಟಿತ್ತು. ಅಂಗಡಿಯಿಂದ ಏನೋ ಆ್ಯಸಿಡ್ ತರಬೇಕೆಂದು ಸಾಹೇಬರು ಹೇಳಿದ್ದನ್ನು ಮನೆಯಲ್ಲಿ ಹೇಳಿದೆ. ಹಿತ್ತಾಳೆ ಚೊಂಬು ಬೆಳಗಲು ಏನು ಹಾಕುತ್ತೀರೋ ಅದನ್ನೇ ಹಾಕಬಾರದಾ ಎಂದು ಅಮ್ಮ ಕೇಳಿದರು. ಹೋದ ವರ್ಷದ ಹಳೇ ಹುಣಸೆಹಣ್ಣು ಎರಡು ಕೆಜಿ ಡಬ್ಬಿಯಲ್ಲಿತ್ತು. ಅದನ್ನು ಬಿಸಿನೀರಿನಲ್ಲಿ ಕಿವುಚಿ ಕ್ಯಾನಿನಲ್ಲಿ ತುಂಬಿಸಿಕೊಟ್ಟರು. ಸಾಹೇಬರು ಕ್ಯಾನು ಮೂಸಿ, ನಿಮ್ಮನೇಲಿ ಇವತ್ತು ಸಾರಿಗೆ ಏನು ಮಾಡ್ತಾರೆ ಎಂದು ಕೇಳಿ ನಕ್ಕರು. ಆದರೂ ಟ್ಯಾಂಕಿಗೆ ಸುರಿದು, ಒಂದು ಹಿಡಿ ನಟ್ಟುಗಳನ್ನು ಹಾಕಿ, ಎರಡು ದಿನ ಬಿಟ್ಟರು. ಆಮೇಲೆ ನಾನೂ ಅಕ್ಕನೂ ಟ್ಯಾಂಕಿನ ಒಂದೊಂದು ತುದಿ ಹಿಡಿದು, ಮಗುವನ್ನು ಸೀರೆಯಲ್ಲಿ ತೂಗುವಂತೆ ಗಲಗಲ ತೂಗಿದೆವು. ಕೆಂಪು ಗೊಜ್ಜಿನಂಥ ನೀರು ಹೊರಗೆ ಬಂತು. ಮೂರನೇ ಸಲಕ್ಕೆ ಟ್ಯಾಂಕಿನ ಒಳಗೆ ಟಾರ್ಚು ಬಿಟ್ಟು ನೋಡಿದ ಸಾಹೇಬರು, ಅಮ್ಮನಿಗೆ ಕೊಡಿ ಎಂದು ಒಂದು ಪೊಟ್ಟಣ ಖರ್ಜೂರ ಕಳಿಸಿದರು.

ಇಂಜಿನ್ ಹತ್ತಿದ್ದು ಒಂದು ಶುಕ್ರವಾರ, ಸಾಹೇಬರು ನಮಾಜು ಮುಗಿಸಿ ಬಂದ ಮೇಲೆ. ಒದ್ದು ಒದ್ದು ಮೂವರಿಗೂ ಕಾಲು ಸೋತಿತ್ತು. ಇನ್ನು ನಾಳೆ ನೋಡೋಣ ಎಂದು ಅವರು ಕೊನೆಯ ಸಲ ಒದ್ದಾಗ ಡಬ್ ಎಂದು ಒಂದು ಸದ್ದು, ಆಮೇಲೆ ಡಬಡಬಡಬ ಎಂದು ಬಿಡದ ಸದ್ದು. ಬೀದಿಯ ತುಂಬ ನೀಲಿ ಹೊಗೆ. ಮೇಲಿನ ಮನೆಯಾಕೆ ಒಣಹಾಕಿದ್ದ ಬಟ್ಟೆ ಎತ್ತಿಕೊಂಡು ಓಡಿದರು. ಅಕ್ಕ ಆ ಹೊಗೆಯೊಳಗೇ ನಿಂತು ಮೂಗು ಮೇಲೆ ಮಾಡಿ ಉಸಿರೆಳೆದುಕೊಂಡಳು. ಆಯಿಲ್ ಬೆರೆಸಿದ ಪೆಟ್ರೋಲಿನ ವಾಸನೆ, ಶಾಲೆಗೆ ಹೊತ್ತಾದಾಗ ನಮ್ಮ ಮನೆ ಮುಂದೆ ಇರುತ್ತಿದ್ದ ವಾಸನೆ. ನನಗೂ ಅವಳಿಗೂ ಒಟ್ಟಿಗೇ ಕೆಮ್ಮು ಬಂತು, ಒಟ್ಟಿಗೇ ನಗು ಬಂತು.

ಆಮೇಲೆ ಕಾಗದಪತ್ರದ ಕೆಲಸ. ಅದು ಅಕ್ಕನ ಹಬ್ಬ. ಆರ್‌ಟಿಒ ಕಚೇರಿಗೆ ಫೈಲಿನ ಜೊತೆ ಪಂಚಿಂಗ್ ಮಷೀನು, ಗೋಂದು, ದಾರ ಎಲ್ಲ ತೆಗೆದುಕೊಂಡು ಹೋಗಿ, ಸಾಲಿನಲ್ಲಿದ್ದ ಇನ್ನಿಬ್ಬರ ಅರ್ಜಿಗಳನ್ನೂ ತುಂಬಿಸಿಕೊಟ್ಟು ಬಂದಳು. ಗಾಡಿ ಪರೀಕ್ಷಿಸಿದ ಅಧಿಕಾರಿ ಸೈಡ್‌ಕಾರಿನ ಜೊತೆ ಒಂದು ಫೋಟೋ ತೆಗೆಸಿಕೊಂಡರು. ಇನ್ನೈದು ವರ್ಷಕ್ಕೆ ನೋಂದಣಿ ಸಿಕ್ಕಿತು.

ಈಗ ಓಡಿಸುವವರು ಯಾರು? ಗೇರಿನ ಲೈಸೆನ್ಸ್ ಇದ್ದದ್ದು ನನ್ನ ಹತ್ತಿರ. ಮದುವೆಯಾದ ಹೊಸದರಲ್ಲಿ ಯಜಮಾನರ ಬೈಕಿನಲ್ಲಿ ಕಲಿತು ಪಡೆದದ್ದು, ಗೇರು ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಒಂದು ಬೆಳಿಗ್ಗೆ ಆರೂವರೆಗೆ, ಮನೆಗಳಿಲ್ಲದ ಒಂದು ಹೊಸ ಬಡಾವಣೆಯ ಬಯಲಿಗೆ ಸಾಹೇಬರು ಗಾಡಿ ತಂದರು. ಅಮ್ಮನೂ ಬರುತ್ತೇನೆಂದು ಹಟ ಹಿಡಿದದ್ದರಿಂದ ನನ್ನ ಯಜಮಾನರು ಅವರನ್ನು ಕಾರಿನಲ್ಲಿ ಕರೆತಂದು, ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು.

ಎರಡು ಚಕ್ರದ ಗಾಡಿ ಓಡಿಸಿ ರೂಢಿಯಿರುವವರು ತಿರುವಿನಲ್ಲಿ ಮೈ ವಾಲಿಸುತ್ತಾರೆ. ಸೈಡ್‌ಕಾರು ವಾಲುವುದಿಲ್ಲ. ಅಷ್ಟೇ ಅಲ್ಲ, ಆಕ್ಸಿಲರೇಟರ್ ಕೊಟ್ಟರೆ ಇಡೀ ಗಾಡಿ ಎಡಕ್ಕೆ ಎಳೆಯುತ್ತದೆ. ಇದನ್ನೆಲ್ಲ ಸಾಹೇಬರು ಮೊದಲೇ ವಿವರಿಸಿದ್ದರು, ನಾನು ತಲೆಯಾಡಿಸಿಯೂ ಇದ್ದೆ. ಅಕ್ಕ ಸೈಡ್‌ಕಾರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತಳು. ನಾನು ಕ್ಲಚ್ ಬಿಟ್ಟೆ. ಗಾಡಿ ನೆಗೆದು ಎಡಕ್ಕೆ ತಿರುಗಿತು. ನೆಟ್ಟಗೆ ಮಾಡೋಣವೆಂದು ಹ್ಯಾಂಡಲ್ ಬಿಗಿಹಿಡಿದರೆ ಆ ಬಿಗಿತಕ್ಕೆ ಆಕ್ಸಿಲರೇಟರ್ ಇನ್ನಷ್ಟು ತಿರುಗಿ ಗಾಡಿ ಇನ್ನಷ್ಟು ಎಡಕ್ಕೆ ಎಳೆಯಿತು. ಒಂದು ಸುತ್ತು ಹೊಡೆದೆವು. ಎರಡನೇ ಸುತ್ತೂ ಆಯಿತು. ಸಾಹೇಬರು ಪಕ್ಕದಲ್ಲಿ ಓಡುತ್ತ ಏನೋ ಹೇಳುತ್ತಿದ್ದರು, ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಮೂರನೇ ಸುತ್ತಿಗೆ ಅವರು ಓಡುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಕ್ಕ ಸೈಡ್‌ಕಾರಿನ ಅಂಚಿಗೆ ಹಣೆ ಒತ್ತಿಕೊಂಡು ನಗುತ್ತಿದ್ದಳು. ನಿಲ್ಲಿಸುವುದು ಹೇಗೆಂದು ಮರೆತೇಹೋಗಿದ್ದ ನಾನೂ ನಗುತ್ತಿದ್ದೆ. ಪ್ರತಿ ಸುತ್ತಿನಲ್ಲೂ ಬೇವಿನ ಮರ, ಕುರ್ಚಿ, ಅಮ್ಮ, ಯಜಮಾನರ ತೆರೆದ ಬಾಯಿ ಕಣ್ಣ ಮುಂದೆ ಹಾದು ಹೋಗುತ್ತಿದ್ದವು. ಏಳನೇ ಸುತ್ತಿನಲ್ಲಿ ಕೈ ಸೋತು ಆಕ್ಸಿಲರೇಟರ್ ಸಡಿಲವಾಯಿತು, ಗಾಡಿ ತಾನಾಗಿ ನಿಂತಿತು. ಇಳಿದರೆ ಭೂಮಿ ಇನ್ನೂ ತಿರುಗುತ್ತಿತ್ತು. ನಾನೂ ಅಕ್ಕನೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತೆವು. ಏಳು ಸುತ್ತು ಎಂದು ಅಮ್ಮ ಕುರ್ಚಿಯಿಂದ ಬೆರಳೆತ್ತಿ ತೋರಿಸಿದರು.

ಹತ್ತು ದಿನ ಅಲ್ಲೇ ಅಭ್ಯಾಸ ಮಾಡಿದೆ. ಹನ್ನೊಂದನೇ ದಿನ ರಸ್ತೆಗಿಳಿದೆವು. ಚಾಮರಾಜಪುರಂನಿಂದ ಕುವೆಂಪುನಗರಕ್ಕೆ, ಅಕ್ಕನ ಮನೆಗೆ ತಿಂಡಿಗೆ. ಅಮ್ಮನನ್ನು ಸೈಡ್‌ಕಾರಿನಲ್ಲಿ ಹಾಯಾಗಿ ಕೂರಿಸೋಣವೆಂದು ದಿಂಬೆಲ್ಲ ಇಟ್ಟಿದ್ದೆವು. ಅವರು ದಿಂಬು ನೋಡಿ, ಸೈಡ್‌ಕಾರು ನೋಡಿ, ಕೋಲನ್ನು ಅದರೊಳಗೆ ಹಾಕಿದರು. "ಅದು ಮಕ್ಕಳ ಜಾಗ. ನಂದು ಹಿಂದಿನ ಸೀಟು ಕಣೇ," ಅಂದರು.

ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಮೂರು ಚಕ್ರದ ಗಾಡಿ, ಬೀಳುವುದಿಲ್ಲ ಎಂದು ನಮ್ಮನ್ನು ಬೀಳ್ಕೊಡಲು ಬಂದಿದ್ದ ಸಾಹೇಬರೂ ಅವರ ಪರವಾಗಿ ಮಾತಾಡಿದರು. ಯಜಮಾನರು ಎರಡೂ ಕೈಯಲ್ಲಿ ಆನಿಸಿ ಹತ್ತಿಸಿದರು. ಮುಡಿದ ಮಲ್ಲಿಗೆ ನಲುಗುತ್ತದೆಂದು ಹೆಲ್ಮೆಟ್ಟಿಗೆ ತಕರಾರು ಮಾಡಿ, ಕಡೆಗೆ ಹೂವನ್ನು ಬಿಚ್ಚಿ ಕನ್ನಡಿಗೆ ಸುತ್ತಿಸಿದರು. ನನ್ನ ಸೊಂಟಕ್ಕೆ ಕೈಹಾಕಿ ಹಿಡಿದರು. ಆ ಹಿಡಿತ ನೋಡಿ ನನಗೆ ಆಶ್ಚರ್ಯವಾಯಿತು. ಇಷ್ಟು ಬಲ ಅವರ ಕೈಯಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅಪ್ಪನ ಪಕ್ಕೆಗಳು ಎಷ್ಟು ವರ್ಷ ಇದನ್ನು ತಡೆದುಕೊಂಡವೋ.

ಅರ್ಧ ದಾರಿಯಲ್ಲಿ ಒಂದು ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಹಸಿರು ಬಿತ್ತು, ಕಿಕ್ಕರ್ ಒದ್ದೆ, ಹತ್ತಲಿಲ್ಲ. ಮತ್ತೆ ಕೆಂಪು ಬಿತ್ತು. ಹಿಂದೆ ಬಸ್ಸು. ಸುತ್ತಲಿನ ಬೈಕಿನವರೆಲ್ಲ ವಾಲಿಸಿ, ವಾಲಿಸಿ ಎಂದು ಸಲಹೆ ಕೊಟ್ಟರು. ಹಳೇ ಸ್ಕೂಟರನ್ನು ಒಂದು ಕಡೆ ವಾಲಿಸಿದರೆ ಹತ್ತುತ್ತದೆ ಎಂದು ಊರಿಗೆಲ್ಲ ಗೊತ್ತು, ಇದನ್ನು ವಾಲಿಸುವುದು ಹೇಗೆ? ಆಗ ಹಿಂದಿನಿಂದ ಅಮ್ಮ ತಣ್ಣಗೆ ಹೇಳಿದರು:

"ದೊಡ್ಡವಳು ಇಳಿದು ಸೈಡ್‌ಕಾರು ಎತ್ತಲಿ. ನೀನು ಕೀ ಆಫ್ ಮಾಡಿ ಎರಡು ಸಲ ಸುಮ್ನೆ ಒದಿ. ಮೂರನೇ ಸಲಕ್ಕೆ ಕೀ ಹಾಕು. ನಿಮ್ಮಪ್ಪ ಹಂಗೇ ಮಾಡ್ತಿದ್ದದ್ದು."

ಅಕ್ಕ ಇಳಿದು ಸೆರಗು ಸಿಕ್ಕಿಸಿಕೊಂಡು ಸೈಡ್‌ಕಾರಿನ ಚಕ್ರದ ಹತ್ತಿರ ಕೈಹಾಕಿದಳು. ಅದು ಅಲುಗಲಿಲ್ಲ. ಬಸ್ಸಿನಿಂದ ಕಂಡಕ್ಟರ್ ಇಳಿದು ಬಂದರು, ಕಾಲೇಜಿನ ಇಬ್ಬರು ಹುಡುಗಿಯರು ಸ್ಕೂಟಿ ನಿಲ್ಲಿಸಿ ಬಂದರು. ನಾಲ್ವರೂ ಸೇರಿ ಎತ್ತಿದರು. ನಾನೂ ಅಮ್ಮನೂ ಗಾಡಿಯ ಮೇಲೇ ಕೂತು ಬಲಕ್ಕೆ ವಾಲಿದೆವು. ಎರಡು ಸಲ ಸುಮ್ಮನೆ ಒದ್ದೆ. ಮೂರನೇ ಸಲಕ್ಕೆ ಕೀ. ಡಬಡಬ ಎಂದು ಹತ್ತಿಕೊಂಡಿತು. ಬಸ್ಸಿನ ಕಿಟಕಿಗಳಿಂದ ಚಪ್ಪಾಳೆ ಬಿತ್ತು. ಅಕ್ಕ ಓಡುವ ಗಾಡಿಗೆ ಹಾರಿ ಕೂರುವ ಹಾಗೆ ಕೂತಳು, ಗಾಡಿ ಓಡುತ್ತಿರಲಿಲ್ಲ ಅಷ್ಟೇ. ಕಂಡಕ್ಟರ್ ರೈಟ್ ರೈಟ್ ಎಂದು ನಮ್ಮ ಗಾಡಿಗೆ ಒಂದು ಏಟು ಬಡಿದು ಕಳಿಸಿಕೊಟ್ಟರು.

ಕುವೆಂಪುನಗರ ತಲುಪುವವರೆಗೆ ಮೂವರೂ ಏನೇನೋ ಕಿರುಚಿ ಮಾತಾಡಿದೆವು, ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಅಕ್ಕನ ಮನೆಯಲ್ಲಿ ಅಮ್ಮ ನಾಲ್ಕು ಇಡ್ಲಿ ತಿಂದರು. ದಿನಾ ಒಂದೂವರೆ ತಿನ್ನುವವರು.

ಬಚ್ಚಲುಮನೆಯನ್ನು ಶೆಡ್ಡಿನ ಪಕ್ಕದಲ್ಲಿ ಇಕ್ಕಟ್ಟು ಮಾಡಿಕೊಂಡು ಕಟ್ಟಿಸಿದೆವು. ಸಾಹೇಬರು ತಿಂಗಳಿಗೊಮ್ಮೆ ಲ್ಯಾಬಿಗೆ ಬಂದಾಗ ತಮ್ಮ ಸಕ್ಕರೆ ಎಷ್ಟೆಂದು ಕೇಳುವ ಮುಂಚೆ ಗಾಡಿಯ ಕ್ಲಚ್ ಹೇಗಿದೆ ಎಂದು ಕೇಳುತ್ತಾರೆ. ಅಕ್ಕ ಈ ವರ್ಷದ ಆರಂಭದಲ್ಲಿ ಕಲಿಯುವವರ ಲೈಸೆನ್ಸಿಗೆ ಪರೀಕ್ಷೆ ಕಟ್ಟಿದಳು. ರಸ್ತೆ ಚಿಹ್ನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ ಓದಿಕೊಂಡು ಹೋಗಿದ್ದಳು. ಒಂದೂ ತಪ್ಪಿಲ್ಲದೆ ಪಾಸಾಗಿ ಬಂದು, ಕಂಪ್ಯೂಟರಿನಲ್ಲಿ ಬಂದ ಒಂದು ಪ್ರಶ್ನೆಯ ವಾಕ್ಯರಚನೆ ಸರಿಯಿರಲಿಲ್ಲ ಎಂದಳು.

ಈಗ ಭಾನುವಾರ ಬೆಳಿಗ್ಗೆ ಅವಳು ಮುಂದೆ, ಎಲ್ ಬೋರ್ಡು ತಗಲಿಸಿಕೊಂಡು. ಅಮ್ಮ ಅವಳ ಹಿಂದೆ. ನಾನು ಸೈಡ್‌ಕಾರಿನಲ್ಲಿ ದಿಂಬಿಗೊರಗಿ ಕಾಲು ಚಾಚಿಕೊಂಡು. ಗೇರು ಬದಲಿಸುವಾಗ ಅಕ್ಕ ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ. ನಾಲ್ಕಕ್ಕೆ ಬರುವಷ್ಟು ರಸ್ತೆ ಖಾಲಿ ಸಿಕ್ಕ ದಿನ ಅವಳು ಎಣಿಸುವುದನ್ನು ಬಿಟ್ಟು ಸುಮ್ಮನೆ ಜೋರಾಗಿ ಕೂಗುತ್ತಾಳೆ, ನಾವಿಬ್ಬರೂ ಕೂಗುತ್ತೇವೆ.